ನಾಲ್ಕು ಚುಕ್ಕಿ ಹತ್ತು

ಹೋದ ವಾರ ಅಟ್ಟದ ಮೇಲಿನ ಸಾಮಾನು ಇಳಿಸುವಾಗ ಹಿಂದೆ ಕೆಲಸಕ್ಕಿದ್ದ ಅಂಗಡಿಯಿಂದ ತಂದಿದ್ದ ಒಂದು ಹಳೆಯ ಕೀಬೋರ್ಡು ಕೈಗೆ ಸಿಕ್ಕಿತು. ಬಿಳಿ ಬಣ್ಣ ಹಳದಿಗೆ ತಿರುಗಿ, ವೈರು ಅರ್ಧಕ್ಕೇ ತುಂಡಾಗಿ, ಗುಜರಿಯವನೂ ಮೂಗು ಮುರಿಯುವಂಥ ವಸ್ತು. ಎಸೆಯುವ ಮುಂಚೆ ಸುಮ್ಮನೆ ಬೋರಲು ಹಾಕಿ ಎರಡು ಸಲ ತಟ್ಟಿದೆ. ಬಲಗಡೆ ಅಂಕಿಗಳ ಸಾಲಿನ ಕೆಳಗೆ, ಚುಕ್ಕಿಯ ಗುಂಡಿಯ ಸಂದಿಯಿಂದ, ಕಂದು ಬಣ್ಣದ ಪುಡಿ ಅಂಗೈ ಮೇಲೆ ಉದುರಿತು. ಏನಿದು ಎಂದು ಮೂಗಿನ ಹತ್ತಿರ ಒಯ್ದದ್ದೇ ತಡ, ಸೀನು. ಒಂದಲ್ಲ, ಮೂರು. ಕಣ್ಣಲ್ಲಿ ನೀರು ಬಂತು. ತಪಕೀರು! ಮೂಗಿಗೇರಿಸುವ ಆ ಪುಡಿಯನ್ನು ನಮ್ಮ ಮನೆಯಲ್ಲಿ ಯಾರೂ ಮುಟ್ಟಿದವರಲ್ಲ. ಅದು ಚಾಚಾರದು.

ಸೀನು ನಿಂತದ್ದೇ ಅಂಗೈ ಮುಚ್ಚಿಕೊಂಡು, ಯಾರಾದರೂ ಕಂಡರೇನೋ ಎಂದು ಬಾಗಿಲ ಕಡೆ ನೋಡಿದೆ. ವಯಸ್ಸಾಯಿತು, ಮಕ್ಕಳಿಗೆ ಪಾಠ ಹೇಳುವ ಮೇಡಂ ಆದೆ, ಯಾದಗಿರಿಯಲ್ಲಿ ಸ್ವಂತ ಮನೆಯೂ ಆಯಿತು. ಆದರೂ ಆ ಹೆದರಿಕೆ ಮಾತ್ರ ಇನ್ನೂ ಇಪ್ಪತ್ತೊಂದರ ಹುಡುಗಿಯಾಗಿಯೇ ಒಳಗೆ ಕೂತಿದೆ ಅಂತ ಅವತ್ತು ಗೊತ್ತಾಯಿತು.

ಆಗ ನಾನು ಶಹಾಪುರದ ಬಸ್ ಸ್ಟ್ಯಾಂಡ್ ಹಿಂದಿನ ಗಲ್ಲಿಯ ಒಂದು ಕಂಪ್ಯೂಟರ್ ಸೆಂಟರಿನಲ್ಲಿ ಕೆಲಸಕ್ಕಿದ್ದೆ. ಅರ್ಜಿ ತುಂಬುವುದು, ರಿಸಲ್ಟ್ ತೆಗೆದುಕೊಡುವುದು, ಲಗ್ನಪತ್ರಿಕೆ ಟೈಪು ಮಾಡುವುದು, ಹೀಗೆ ನಡೆಯುತ್ತಿದ್ದ ಅಂಗಡಿ. ನಾನು ಡಿಪ್ಲೊಮಾ ಮುಗಿಸಿದವಳು, ವೆಬ್ ಪುಟ ಬರೆಯಬಲ್ಲವಳು ಎಂದು ಗೊತ್ತಾದದ್ದೇ ಮಾಲಕರಿಗೆ ಕೊಂಬು ಬಂತು. ಎಲ್ಲೆಲ್ಲೋ ಓಡಾಡಿ ಕಾಲುವೆ ಕಚೇರಿಯ ಒಂದು ಕೆಲಸ ಹಿಡಿದುಕೊಂಡು ಬಂದರು. ಪ್ರತಿದಿನ ಬೆಳಿಗ್ಗೆ ಉಪಕಾಲುವೆಯ ಗೇಟಿನಲ್ಲಿ ನೀರು ಎಷ್ಟು ಎತ್ತರ ಇದೆಯೆಂದು ಒಂದು ಪುಟದಲ್ಲಿ ತುಂಬಬೇಕು. ಕಚೇರಿಯವರು ತಮ್ಮ ಕೋಣೆಯಲ್ಲೇ ಕೂತು ಅದನ್ನು ನೋಡಿ ನೀರು ಹೆಚ್ಚು ಬಿಡಬೇಕೋ ಕಡಿಮೆ ಮಾಡಬೇಕೋ ಹೇಳುತ್ತಾರೆ. ನಮ್ಮ ಓಣಿಯಲ್ಲಿ ಕಂಪ್ಯೂಟರಿನ ಮುಂದೆ ಕೂತು ಸಂಬಳ ತಂದ ಮೊದಲ ಹುಡುಗಿ ನಾನು. ಅವ್ವ ಅದನ್ನು ನಳದ ಕಟ್ಟೆಯಲ್ಲಿ ದಿನಕ್ಕೊಬ್ಬರಿಗೆ ಹೇಳುತ್ತಿದ್ದಳು. ಆ ಜಂಬ ನನ್ನ ತಲೆಗೂ ಸಾಕಷ್ಟು ಏರಿತ್ತು ಬಿಡಿ.

ನೀರಿನ ಎತ್ತರ ತರುತ್ತಿದ್ದವರು ಚಾಚಾ. ಬೆಳಿಗ್ಗೆ ಗೇಟಿನಲ್ಲಿ ನೀರು ನೋಡಿ, ಸೈಕಲ್ ತುಳಿದುಕೊಂಡು ಒಂಬತ್ತಕ್ಕೆ ಸರಿಯಾಗಿ ನಮ್ಮ ಬಾಗಿಲಲ್ಲಿ ನಿಲ್ಲುತ್ತಿದ್ದರು. ಖಾಕಿ ಅಂಗಿ, ತಲೆಗೆ ಹೆಣೆದ ಬಿಳಿ ಟೋಪಿ, ಕಂಕುಳಲ್ಲಿ ಪ್ಲಾಸ್ಟಿಕ್ ಹಾಳೆ ಸುತ್ತಿದ ರಿಜಿಸ್ಟರು. ಕಾಲುವೆಗೆ ಮೊದಲ ನೀರು ಬಂದ ದಿನದಿಂದ ಆ ಗೇಟಿನ ಕೋಣೆಯಲ್ಲೇ ಉಳಿದುಕೊಂಡಿದ್ದವರು. ಆದರೆ ಇನ್ನೂ ದಿನಗೂಲಿ. ಖಾಯಂ ಮಾಡುವ ಫೈಲು ಯಾದಗಿರಿಗೆ ಹೋಗಿತ್ತು, ಸಹಿಯೊಂದು ಬಾಕಿ ಇತ್ತು. ಇವತ್ತು ಬರುತ್ತದೆ, ನಾಳೆ ಬರುತ್ತದೆ ಎನ್ನುವ ಆ ಕಾಗದಕ್ಕಾಗಿ ಅವರು ಮಾತ್ರವಲ್ಲ, ದೇವಾಪುರದ ಮನೆಯಲ್ಲಿ ಚಾಚಿಯೂ ಕಾಯುತ್ತಿದ್ದರು. ಖಾಯಂ ಆದರೆ ತಾವು ಹೋದ ಮೇಲೂ ಚಾಚಿಗೆ ಪಿಂಚಣಿ ಬರುತ್ತದೆ ಎಂಬುದೊಂದೇ ಅವರ ಲೆಕ್ಕ.

"ಏನ್ ಬೇಟಾ, ನಿನ್ನ ಮಷೀನ್ ಎದ್ದದೋ, ಇನ್ನಾ ಮಲಗ್ಯದೋ?" ಎನ್ನುತ್ತಲೇ ಒಳಗೆ ಬರುತ್ತಿದ್ದರು.

"ಎದ್ದದ ಚಾಚಾ, ಬರ್ರಿ, ಕೂಡ್ರಿ."

ಕೂತ ಮೇಲೆ ಮೊದಲು ಡಬ್ಬಿ ತೆಗೆದು ಒಂದು ಚಿಟಿಕೆ ತಪಕೀರು. ಆಮೇಲೆ ಅದೇ ಬೆರಳಿನಿಂದ ಅಂಕಿ ಒತ್ತುವುದು. ಒತ್ತುವಾಗ ಬಾಯಲ್ಲಿ ಗಟ್ಟಿಯಾಗಿ ಹೇಳಿಕೊಳ್ಳಬೇಕು: "ಮೂರೂ... ಚುಕ್ಕೀ... ಆರು." ಪೂರಾ ಸೆಂಟರಿಗೆ ಕಾಲುವೆಯ ಸುದ್ದಿ ಗೊತ್ತಾಗಬೇಕು! ಕೀಬೋರ್ಡು ಹಾಳಾಗುತ್ತದೆ ಎಂದು ನಾನು ರೇಗಿದರೆ, "ಅದಕ್ಕೂ ನೆಗಡಿ ಬಂದದ, ಇರ್ಲಿ ಬಿಡು" ಎಂದು ನಗುತ್ತಿದ್ದರು.

ಒಂದು ಸಲ ಅವರ ಗೇಟಿಗೆ ಹೋಗಿದ್ದೆ, ಕೆಲಸ ತಿಳಿದುಕೊಳ್ಳಲಿಕ್ಕೆ. ಗೇಟಿನ ಪಕ್ಕದ ಕಲ್ಲುಗೋಡೆಯ ಮೇಲೆ ಕೆಂಪು ಬಿಳಿ ಪಟ್ಟೆಯ ಅಳತೆಗೋಲು, ಪ್ರತಿ ಫೂಟಿಗೆ ಹನ್ನೆರಡು ಗೆರೆ. ಚಾಚಾ ಬೇವಿನ ಕಡ್ಡಿಯಿಂದ ಗೆರೆಗಳ ಪಾಚಿ ಉಜ್ಜಿ, ಬಿಸಿ ಬಂಡೆಯ ಮೇಲೆ ಹೊಟ್ಟೆ ಹಚ್ಚಿ ಮಲಗಿ, ಕಣ್ಣನ್ನು ನೀರಿನ ಮಟ್ಟಕ್ಕೆ ತಂದು ನೋಡುತ್ತಿದ್ದರು. ಒಂದು ಸಲ ನೋಡಿ ಮುಖ ತಿರುಗಿಸಬೇಕು. ಅಲೆ ಇಳಿಯಲು ಬಿಟ್ಟು ಮತ್ತೆ ನೋಡಬೇಕು. ಮತ್ತೊಮ್ಮೆ. ಮೂರು ಸಲದಲ್ಲಿ ನಡುವಿನದ್ದು ಯಾವುದೋ ಅದನ್ನು ರಿಜಿಸ್ಟರಿನಲ್ಲಿ ಪೆನ್ಸಿಲ್ಲಿನಿಂದ ಬರೆಯಬೇಕು. ಪೆನ್ನಿನ ಮಸಿ ನೀರು ಬಿದ್ದರೆ ಹರಡುತ್ತದೆ, ಪೆನ್ಸಿಲ್ಲು ಹರಡುವುದಿಲ್ಲ.

"ಇಷ್ಟ ವರ್ಷ ಆದ್ರೂ ಮೂರು ಸಲ ನೋಡಬೇಕೇನು ಚಾಚಾ?" ಎಂದಿದ್ದೆ.

"ಏರಿ ಮ್ಯಾಲೆ ನಡಿಯೋವಾಗ ನಾ ಇವತ್ತಿಗೂ ಅಂಜತೀನಿ ಬೇಟಾ. ನಾ ಅಂಜಿದ್ದಕ್ಕ ಇದು ಇಷ್ಟ ವರ್ಷ ಒಡದಿಲ್ಲ."

ಕೆಳಗೆ ನೋಡಿದೆ. ಏರಿಯ ಬುಡಕ್ಕೇ ಹತ್ತಿಯ ಹೊಲ. ಹೆಂಗಸರು ಸಾಲಾಗಿ ಕೂತು ಕಳೆ ತೆಗೆಯುತ್ತಿದ್ದರು. ಅವರ ತಲೆಗಿಂತ ಎಷ್ಟೋ ಎತ್ತರದಲ್ಲಿ ನೀರು ಸದ್ದಿಲ್ಲದೆ ಹರಿಯುತ್ತಿತ್ತು. ನಾನೂ ಎರಡು ಹೆಜ್ಜೆ ಹಿಂದೆ ಸರಿದೆ, ಆದರೆ ಸೆಂಟರಿಗೆ ವಾಪಸು ಬರುವಷ್ಟರಲ್ಲಿ ಆ ಅಂಜಿಕೆ ಮರೆತೂ ಹೋಯಿತು.

ಈಗ ನನ್ನ ತಪ್ಪಿನ ಮಾತು. ನಾನೀಗ ಮಕ್ಕಳಿಗೆ ಮೊದಲ ದಿನವೇ ಹೇಳುವ ಪಾಠ ಅದು. ವೆಬ್ ಪುಟದ ಪೆಟ್ಟಿಗೆಯಲ್ಲಿ ನೀವು ಅಂಕಿ ಬರೆಯಿರಿ, ಹೆಸರು ಬರೆಯಿರಿ, ಆ ಕಡೆ ಸರ್ವರಿಗೆ ಮುಟ್ಟುವುದು ಬರೀ ಅಕ್ಷರಗಳ ಸಾಲು. ಅದು ಸಂಖ್ಯೆಯೋ, ತಾರೀಖೋ, ಮಾತೋ ಎಂದು ನಿರ್ಧರಿಸುವುದು ಅಲ್ಲಿ ಕೂತ ಸ್ಕ್ರಿಪ್ಟು, ಅಂದರೆ ಅದನ್ನು ಬರೆದವರು. ಚಾಚಾ ಮೊದಮೊದಲು "3.6 ಫೂಟು" ಎಂದು ಪೂರ್ತಿ ಬರೆಯುತ್ತಿದ್ದರು. ಕೆಲವೊಮ್ಮೆ ನಡುವೆ ಒಂದು ಜಾಗ ಬಿಡುತ್ತಿದ್ದರು. ಸ್ಕ್ರಿಪ್ಟು ತಕರಾರು ತೆಗೆಯುತ್ತಿತ್ತು. ನಾನು ಒಂದು ಸಾಲು ಸೇರಿಸಿದೆ: ಏನೇ ಬರಲಿ, ಅದನ್ನು ದಶಮಾಂಶ ಸಂಖ್ಯೆಯಾಗಿ ಬದಲಿಸು, ಉಳಿದದ್ದನ್ನು ಬಿಸಾಡು. ಬಾಲದ "ಫೂಟು" ತಾನಾಗಿ ಉದುರಿತು. ಎಷ್ಟು ಚೊಕ್ಕಟ ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡೆ. ಅದರ ಮೇಲೆ ಒಂದು ಬಾಣದ ಗುರುತನ್ನೂ ಹಾಕಿದೆ. ನಿನ್ನೆಗಿಂತ ನೀರು ಏರಿದರೆ ಕೆಂಪು ಬಾಣ ಮೇಲಕ್ಕೆ, ಇಳಿದರೆ ಹಸಿರು ಬಾಣ ಕೆಳಕ್ಕೆ. ಕಚೇರಿಯವರಿಗೆ ಬಾಣ ಎಷ್ಟು ಹಿಡಿಸಿತೆಂದರೆ ಅಂಕಿ ನೋಡುವುದನ್ನೇ ಬಿಟ್ಟರಂತೆ.

ಚಾಚಾರ "ಮೂರು ಚುಕ್ಕಿ ಆರು" ಎಂದರೆ ಮೂರು ಫೂಟು ಆರು ಇಂಚು. ಅವರ ರಿಜಿಸ್ಟರಿನ ಮೊದಲ ಪುಟದಿಂದಲೂ ಹಾಗೇ. ಆ ಕಡೆ ಗೇಟಿನವರು, ಬಡಗಿಗಳು, ಗೌಂಡಿಗಳು, ಎಲ್ಲರೂ ಬರೆಯುತ್ತಿದ್ದದ್ದು ಹಾಗೇ. ಚುಕ್ಕಿಯ ಹಿಂದೆ ಫೂಟು, ಮುಂದೆ ಇಂಚು. ಒಂಬತ್ತು ಇಂಚಿನವರೆಗೆ ನನ್ನ ಸ್ಕ್ರಿಪ್ಟಿಗೆ ಅದರಿಂದ ಏನೂ ತೊಂದರೆ ಕಾಣಲಿಲ್ಲ. ಹತ್ತು ಇಂಚಿಗೆ ಬಂದಾಗ...

ಅದನ್ನು ಮೊದಲು ಕಂಡವರು ಚಾಚಾರೇ. ಒಂದು ಬೆಳಿಗ್ಗೆ ಅಂಕಿ ಒತ್ತಿ ಎದ್ದವರು ತಿರುಗಿ ಬಂದು ಪರದೆಗೆ ಮುಖ ಹಚ್ಚಿ ನೋಡಿದರು.

"ಬೇಟಾ, ನಾ ಮೂರು ಚುಕ್ಕಿ ಹತ್ತು ಒತ್ತೀನಿ. ಇಲ್ಲಿ ಮೂರು ಚುಕ್ಕಿ ಒಂದು ಕಾಣ್ತದ. ಸೊನ್ನಿ ಎಲ್ಲಿ ಹೋತು?"

ನಾನು ಯಾರದೋ ಅರ್ಜಿ ತುಂಬುತ್ತಿದ್ದೆ. ತಲೆಯೆತ್ತದೆ ನಕ್ಕೆ. "ಚುಕ್ಕಿ ಆದಮ್ಯಾಲೆ ಕಡೀಕ ಬರೋ ಸೊನ್ನಿಗೆ ಬೆಲಿ ಇಲ್ರಿ ಚಾಚಾ. ಇದ್ರೂ ಅಷ್ಟ, ಇಲ್ದಿದ್ರೂ ಅಷ್ಟ. ಸಾಲ್ಯಾಗ ಕಲಿಸ್ತಾರ."

"ಹಂಗೇನು? ನಮ್ಮ ಕಾಲುವ್ಯಾಗ ಅದಕ್ಕ ಭಾಳ ಬೆಲಿ ಅದ..." ರಿಜಿಸ್ಟರನ್ನು ಕಂಕುಳಿಗೆ ಸಿಕ್ಕಿಸಿಕೊಂಡರು. "ಇರ್ಲಿ, ನೀ ಓದಿದಾಕಿ."

ಅವತ್ತು ನೀರು ಕಡಿಮೆಯಿತ್ತು, ಯಾರಿಗೂ ಏನೂ ಆಗಲಿಲ್ಲ. ನಾನು ತಲೆಯೆತ್ತಿ ಆ ಮುದುಕರ ಮುಖ ನೋಡಿದ್ದರೂ ಸಾಕಿತ್ತು. ನೋಡಲಿಲ್ಲ.

ಮುಂದೆ ಮಳೆ ಹಿಡಿಯಿತು. ಕಾಲುವೆಯಲ್ಲಿ ಬಿಟ್ಟ ನೀರಿನ ಜೊತೆ ಹಳ್ಳದ ನೀರೂ ಸೇರಿಕೊಳ್ಳುವ ದಿನಗಳು. ಆ ಏರಿ ತಡೆಯುವುದು ಐದು ಫೂಟು, ಅದಕ್ಕಿಂತ ಹೆಚ್ಚಾದರೆ ಅಪಾಯ ಎಂಬುದು ಕಚೇರಿಯವರಿಗೂ ಗೊತ್ತು, ಚಾಚಾರಿಗೂ ಗೊತ್ತು. ಒಂದು ಬೆಳಿಗ್ಗೆ ಚಾಚಾ ಒದ್ದೆಯಾಗಿ ಬಂದರು. ತಪಕೀರಿನ ಡಬ್ಬಿ ತೆರೆಯುವುದನ್ನೂ ಮರೆತು ಗುಂಡಿ ಒತ್ತಲು ಕೂತರು. "ನಾಲ್ಕೂ... ಚುಕ್ಕೀ... ಹತ್ತು." ನನ್ನ ಈ ಎರಡು ಕಿವಿಯಿಂದ ಕೇಳಿದ್ದೇನೆ. ಹಿಂದಿನ ದಿನ ನಾಲ್ಕು ಚುಕ್ಕಿ ಆರು ಇತ್ತು.

"ಭಾಳ ಏರ್ಯದ. ಇದನ್ನ ನೋಡಿದ್ರ ಸಾಹೇಬ್ರು ಮ್ಯಾಲಿಂದ ಕಡಿಮಿ ಮಾಡ್ತಾರ" ಎಂದು ತಮಗೆ ತಾವೇ ಸಮಾಧಾನ ಹೇಳಿಕೊಂಡು ಸೈಕಲ್ ಹತ್ತಿದರು. ಆ ಸಲ ಪರದೆ ನೋಡಲಿಲ್ಲ. ಸೊನ್ನೆಗೆ ಬೆಲೆ ಇಲ್ಲ ಅಂತ ನಾನು ಹೇಳಿದ್ದೆನಲ್ಲ.

ಪರದೆಯ ಮೇಲೆ ನಾಲ್ಕು ಚುಕ್ಕಿ ಒಂದು ಬಂದಿತ್ತು. ಹಸಿರು ಬಾಣ ಕೆಳಕ್ಕೆ.

ಕಚೇರಿಯ ಮುಂದೆ ಅವತ್ತು ಕೊನೆ ಭಾಗದ ರೈತರು ನೀರು ಮುಟ್ಟಿಲ್ಲವೆಂದು ಕೂತಿದ್ದರಂತೆ. ಸಾಹೇಬರು ಪುಟ ತೆರೆದರು, ಹಸಿರು ಬಾಣ ಕಂಡಿತು, ನೀರು ಇಳಿದಿದೆ, ಇನ್ನಷ್ಟು ಬಿಡಿ ಎಂದರು. ಆ ನೀರು ಚಾಚಾರ ಗೇಟಿಗೆ ಬಂದು ಮುಟ್ಟಿದಾಗ ಮಧ್ಯಾಹ್ನ. ಇಳಿಯಬೇಕಾದ ನೀರು ಏರುತ್ತಿರುವುದನ್ನು ಕಂಡು ಅವರಿಗೆ ಏನೂ ಅರ್ಥವಾಗಲಿಲ್ಲವಂತೆ. ಏರಿಯ ಮೇಲಿಂದ ನೀರು ತೆಳ್ಳಗೆ ಹೊಲದ ಕಡೆ ಜಿನುಗಿದ್ದು ಕಂಡದ್ದೇ ಟೋಪಿ ಕೈಯಲ್ಲಿ ಹಿಡಿದು ಬೀಸುತ್ತಾ, "ಏಳ್ರಿ, ಬುತ್ತಿ ಬಿಟ್ಟು ಏಳ್ರಿ, ದಿನ್ನಿ ಹತ್ರಿ!" ಎಂದು ಕೂಗುತ್ತಾ ಏರಿಯುದ್ದಕ್ಕೂ ಓಡಿದರು. ಹೆಂಗಸರು ಊಟಕ್ಕೆ ಕೂತಿದ್ದರು. ಎದ್ದೂ ಬಿದ್ದೂ ದಿಣ್ಣೆ ಹತ್ತಿ ತಿರುಗಿ ನೋಡುವಷ್ಟರಲ್ಲಿ ಅವರು ಕೂತಿದ್ದ ಜಾಗವೇ ಇರಲಿಲ್ಲ. ಏರಿ ಒಡೆದು ಕೆಂಪು ನೀರು ಹತ್ತಿಯ ಹೊಲದ ಮೇಲೆ ನುಗ್ಗಿತ್ತು. ಜೀವ ಒಂದೂ ಹೋಗಲಿಲ್ಲ. ಚಾಚಾ ಓಡದಿದ್ದರೆ ಏನಾಗುತ್ತಿತ್ತು ಎಂಬುದನ್ನು ನಾನು ಇವತ್ತಿಗೂ ಪೂರ್ತಿ ಯೋಚಿಸಿಲ್ಲ. ಅರ್ಧಕ್ಕೆ ಬಂದು ನಿಲ್ಲಿಸಿಬಿಡುತ್ತೇನೆ.

ಸುದ್ದಿ ಬಸ್ಸಿನವರ ಬಾಯಿಂದ ಸೆಂಟರಿಗೆ ಬಂತು. ಮಾಲಕರು ಪುಟ ತೆರೆದು, "ಮುಂಜಾನಿ ಬರೇ ನಾಲ್ಕು ಚುಕ್ಕಿ ಒಂದು ಇತ್ತಲ್ಲ, ಒಡೀಲಿಕ್ಕ ಹೆಂಗ ಸಾಧ್ಯ?" ಎಂದರು. ನಾಲ್ಕೂ ಚುಕ್ಕೀ ಹತ್ತು ಎಂಬ ಚಾಚಾರ ದನಿ ನನ್ನ ಕಿವಿಯಲ್ಲೇ ಇತ್ತು. ದಶಮಾಂಶಕ್ಕೆ ಹತ್ತು ಗೊತ್ತಿಲ್ಲ, ಅದಕ್ಕೆ ನಾಲ್ಕು ಚುಕ್ಕಿ ಹತ್ತೂ ಒಂದೇ, ನಾಲ್ಕು ಚುಕ್ಕಿ ಒಂದೂ ಒಂದೇ. ಕಾಲುವೆಗೆ ಅವೆರಡರ ನಡುವೆ ಒಂಬತ್ತು ಇಂಚು ನೀರು. ಆ ಒಂಬತ್ತು ಇಂಚನ್ನು ನುಂಗಿದ್ದು ನನ್ನ ಚೊಕ್ಕಟ ಸಾಲು.

ಮಾಲಕರು ಮನೆಗೆ ಹೋಗುವುದನ್ನೇ ಕಾದೆ. ಸರ್ವರು ತನಗೆ ಬಂದ ಪ್ರತಿಯೊಂದನ್ನೂ, ಬಂದದ್ದು ಬಂದ ಹಾಗೆಯೇ, ಒಂದು ದಿನಚರಿಯಲ್ಲಿ ಬರೆದಿಡುತ್ತದೆ. ನನ್ನ ಸ್ಕ್ರಿಪ್ಟು ಕೈಯಾಡಿಸುವ ಮುಂಚಿನ ಮಾತು ಅದು. ಆ ಫಾರಂ ಬರೆದಾಗ ತುಂಬಿದ ಅಂಕಿ ಪುಟದ ವಿಳಾಸದ ಬಾಲದಲ್ಲೇ ಹೋಗುವ ಹಾಗೆ ಬರೆದಿದ್ದೆ, ಹಾಗಾಗಿ ಅದೂ ಅಲ್ಲಿ ಇರಲೇಬೇಕು. ಹುಡುಕಿದೆ. ಇತ್ತು. ಅವತ್ತಿನ ಬೆಳಿಗ್ಗೆಯ ಸಾಲಿನ ತುದಿಯಲ್ಲಿ 4.10. ಸೊನ್ನೆ ಎಲ್ಲಿಗೂ ಹೋಗಿರಲಿಲ್ಲ. ಆ ದಿನಚರಿ ತಿಂಗಳಿಗೊಮ್ಮೆ ತಾನೇ ಅಳಿಸಿಹೋಗುತ್ತದೆ ಎಂದು ಆ ಸಾಲಿರುವ ಪುಟವನ್ನು ಒಂದು ಹಾಳೆಗೆ ಮುದ್ರಿಸಿಕೊಂಡೆ. ನಮ್ಮ ಪ್ರಿಂಟರಿನಿಂದ ಬರುವ ಎಲ್ಲ ಹಾಳೆಗಳ ಹಾಗೆ ಅದರ ಅಡಿಯಲ್ಲೂ ಮುದ್ರಿಸಿದ ತಾರೀಖು, ಗಂಟೆ ಸಣ್ಣಗೆ ಬಿದ್ದಿತ್ತು. ಮಡಚಿ ಬ್ಯಾಗಿನಲ್ಲಿಟ್ಟುಕೊಂಡೆ. ನಂತರ ಸ್ಕ್ರಿಪ್ಟು ತೆರೆದು ಒಂದು ಪೆಟ್ಟಿಗೆ ಇದ್ದಲ್ಲಿ ಎರಡು ಮಾಡಿದೆ, ಫೂಟಿಗೊಂದು, ಇಂಚಿಗೊಂದು. ಅರ್ಧ ಗಂಟೆಯ ಕೆಲಸ. ಯಾಕೆ ಬದಲಿಸಿದೆ ಎಂದು ಯಾರೂ ಕೇಳಲಿಲ್ಲ.

ವಿಚಾರಣೆ ಯಾದಗಿರಿಯಲ್ಲಿ ನಡೆಯಿತು. ಪುಟ ನೋಡಿಕೊಳ್ಳುವವರೂ ಬರಬೇಕೆಂದು ನನ್ನನ್ನೂ ಕರೆಸಿದ್ದರು. ಬಸ್ಸಿನಲ್ಲಿ ಮಾಲಕರು, "ಕೇಳಿದ್ದಕ್ಕಷ್ಟ ಉತ್ತರ ಕೊಡು, ಹೆಚ್ಚಿಗಿ ಮಾತಾಡಬ್ಯಾಡ" ಎಂದರು. ಪಾಪ, ಅವರಿಗೇನೂ ಗೊತ್ತಿರಲಿಲ್ಲ, ಅವರ ಮೇಲೆ ಹಾಕಿ ನಾನು ಜಾರಿಕೊಳ್ಳುವಂತಿಲ್ಲ. ದಾರಿಯುದ್ದಕ್ಕೂ ಬ್ಯಾಗನ್ನು ತೊಡೆಯ ಮೇಲೆ ಎರಡೂ ಕೈಯಿಂದ ಒತ್ತಿ ಹಿಡಿದಿದ್ದೆ. ಹೇಳಿಬಿಡುತ್ತೇನೆ ಅಂದುಕೊಂಡೆ. ಹೇಳಿದರೆ ಏರಿ ಒಡೆದವಳು ನಾನೇ ಆಗುತ್ತೇನೆ, ಪೊಲೀಸರು ಓಣಿಗೆ ಬರುತ್ತಾರೆ, ಅವ್ವ ನಳದ ಕಟ್ಟೆಗೆ ಹೇಗೆ ಹೋಗುತ್ತಾಳೆ, ಇನ್ನು ಮೇಲೆ ನಮ್ಮ ಓಣಿಯ ಯಾವ ಹುಡುಗಿಯನ್ನು ಯಾರು ಕೆಲಸಕ್ಕೆ ಕರೆಯುತ್ತಾರೆ... ಹೀಗೆ ಭೀಮಾ ಸೇತುವೆ ದಾಟುವಷ್ಟರಲ್ಲಿ ಬ್ಯಾಗಿನ ಜಿಪ್ಪನ್ನು ಎರಡು ಸಲ ತೆರೆದು ಮುಚ್ಚಿದ್ದೆ.

ವಿಚಾರಣೆ ನಡೆಸುವ ಸಾಹೇಬರ ಮೇಜಿನ ಮೇಲೆ ಎರಡು ಕಾಗದ. ಒಂದು, ನಮ್ಮ ಪುಟದಿಂದ ತೆಗೆದದ್ದು, 4.1. ಇನ್ನೊಂದು ಚಾಚಾರ ರಿಜಿಸ್ಟರು, 4.10. ಚಾಚಾ ಟೋಪಿ ಸರಿ ಮಾಡಿಕೊಳ್ಳುತ್ತಾ ನಿಂತಿದ್ದರು. ಒಗೆದ ಅಂಗಿ ಹಾಕಿಕೊಂಡು ಬಂದಿದ್ದರು.

"ಪೆನ್ಸಿಲ್‌ಲೇ ಬರದೀರಿ. ಏರಿ ಒಡದ ಮ್ಯಾಲೆ ಒಂದು ಸೊನ್ನಿ ಸೇರಸಲಿಕ್ಕ ಎಷ್ಟೊತ್ತು ಬೇಕು?" ಎಂದರು ಸಾಹೇಬರು.

"ಸೇರ್ಸಿಲ್ರಿ ಸಾಹೇಬ್ರ. ನಾ ಯಾವತ್ತೂ ಪೆನ್ಸಿಲ್‌ಲೇ ಬರೀತೀನ್ರಿ."

"ಮತ್ತ ಕಂಪ್ಯೂಟರ್‌ನ್ಯಾಗ ಯಾಕ ಬ್ಯಾರೆ ಅದ?" ಸಾಹೇಬರು ನನ್ನ ಕಡೆ ತಿರುಗಿದರು. "ಏನ್ ತಂಗಿ, ಈ ಕಂಪ್ಯೂಟರ್ ತಾನಾಗಿ ಅಂಕಿ ಬದಲ್ ಮಾಡ್ತದೇನು?"

ಚಾಚಾ ನನ್ನನ್ನು ನೋಡಿದರು. ಬೇಡಿಕೊಳ್ಳುವ ನೋಟವಲ್ಲ ಅದು. ಮಾಸ್ತರರ ಕಡೆ ವಿದ್ಯಾರ್ಥಿ ನೋಡುವ ಹಾಗೆ, ಉತ್ತರ ನನಗೆ ಗೊತ್ತಿದೆ ಎಂಬ ಭರವಸೆಯಿಂದ ನೋಡಿದರು. ಬ್ಯಾಗು ತೊಡೆಯ ಮೇಲಿತ್ತು. ಜಿಪ್ಪಿನ ಮೇಲೆ ನನ್ನ ಬೆರಳಿತ್ತು.

"ಇಲ್ರಿ ಸರ್. ತಾನಾಗಿ ಬದಲ್ ಮಾಡೋದಿಲ್ರಿ" ಎಂದೆ.

ಸುಳ್ಳಲ್ಲ. ತಾನಾಗಿ ಮಾಡುವುದಿಲ್ಲ, ನಾನು ಹೇಳಿದ್ದಕ್ಕೇ ಮಾಡಿದ್ದು. ಅಷ್ಟೊಂದು ನಾಜೂಕಾಗಿ ನಿಜ ಹೇಳಿ ಒಬ್ಬರನ್ನು ಮುಳುಗಿಸಬಹುದು ಎಂದು ಅವತ್ತು ಕಲಿತೆ. ಚಾಚಾರ ಮುಖ ಮೊದಲು ಏನೂ ಆಗದ ಹಾಗೇ ಇತ್ತು. ಸೊನ್ನೆ ಮಾಯವಾದದ್ದನ್ನು ಹಿಂದೊಮ್ಮೆ ನನಗೇ ತೋರಿಸಿದ್ದ ಮಾತನ್ನು ಅವರು ಎತ್ತಲಿಲ್ಲ. ಆಮೇಲೆ ನಿಧಾನವಾಗಿ ತಮ್ಮ ಬಲಗೈ ಎತ್ತಿ, ಅಂಕಿ ಒತ್ತುವ ಆ ಬೆರಳನ್ನು ತಿರುಗಿಸಿ ಮುರುಗಿಸಿ ನೋಡಿಕೊಂಡರು.

"ಹಂಗಂದ್ರ ನನ್ನ ಬೆರಳಾ ತಪ್ಪಿರಬೇಕ್ರಿ ಸಾಹೇಬ್ರ. ಆಕಿ ಓದಿದಾಕಿ, ಆಕಿ ಹೇಳಿದ್ದು ಖರೇ ಇರ್ತದ."

ನಾಳೆಯಿಂದ ಗೇಟಿಗೆ ಬರುವುದು ಬೇಡ ಎಂದರು. ಖಾಯಂ ಫೈಲು ಅಲ್ಲಿಗೇ ಮುಚ್ಚಿತು. ಹೊರಗೆ ಬಂದ ಮೇಲೆ ಚಾಚಾ ನನ್ನ ತಲೆಯ ಮೇಲೆ ಕೈಯಿಟ್ಟು, "ಅಂಜಬ್ಯಾಡ ಬೇಟಾ, ನಿನ್ನ ಮುಖ ನೋಡು ಹೆಂಗ ಆಗ್ಯದ" ಎಂದರು. ನಾನು ಅತ್ತೆ. ಅವರಿಗಾಗಿ ಅತ್ತೆನೆಂದು ಅವರು ತಿಳಿದಿರಬೇಕು.

ಆ ಹಾಳೆ ಎರಡು ತಿಂಗಳು ನನ್ನ ಟ್ರಂಕಿನ ತಳದಲ್ಲಿತ್ತು. ಬಾಗಿಲು ಯಾರು ಬಡಿದರೂ ಅದಕ್ಕೇ ಬಂದರು ಅನ್ನಿಸುತ್ತಿತ್ತು. ಸುಟ್ಟುಬಿಡೋಣವೆಂದು ಒಲೆಯ ತನಕ ಒಯ್ದು ವಾಪಸು ತಂದದ್ದೂ ಉಂಟು. ಅಷ್ಟರಲ್ಲಿ ಸೆಂಟರಿಗೆ ಬಂದ ದೇವಾಪುರದವರೊಬ್ಬರು, ಗೇಟಿನ ಚಾಚಾರಿಗೆ ತಲೆ ಕೆಟ್ಟ ಹಾಗಾಗಿದೆ, ದಿನವಿಡೀ ಗೋಡೆ ನೋಡುತ್ತಾ ಕೂರುತ್ತಾರೆ ಎಂದರು. ಮರುದಿನ ಹಾಳೆ ತೆಗೆದುಕೊಂಡು ದೇವಾಪುರಕ್ಕೆ ಹೋಗಲು ಸುರಪುರದ ಬಸ್ಸು ಹತ್ತಿದೆ.

ತಲೆ ಕೆಟ್ಟಿರಲಿಲ್ಲ. ಅಂಗಳದ ಗೋಡೆಯ ಮೇಲೆ ಸುಣ್ಣದ ಕಡ್ಡಿಯಿಂದ ಫೂಟು, ಇಂಚುಗಳ ಗೆರೆ ಎಳೆದಿದ್ದರು. ಚಾಚಿ ಒಂದು ಗೆರೆಯ ಮೇಲೆ ಬೆರಳಿಡಬೇಕು, ಇವರು ಮಂಚದ ಮೇಲೆ ಕೂತು ಅದು ಎಷ್ಟೆಂದು ಹೇಳಬೇಕು. ಯಾದಗಿರಿಯಲ್ಲಿ ಮಾಡಿಸಿದ ಹೊಸ ಕನ್ನಡಕ ಮೂಗಿನ ಮೇಲಿತ್ತು.

"ಬಾ ಬೇಟಾ ಬಾ. ಕಣ್ಣು ಕೈಕೊಟ್ಟಾವೋ, ಬೆರಳು ಕೈಕೊಟ್ಟದೋ ನೋಡಾಕತ್ತೀನಿ. ಎರಡರಾಗ ಒಂದು ಖರೇ. ಕಣ್ಣು ಇನ್ನಾ ಛಲೋ ಅವ. ಹಂಗಂದ್ರ ಬೆರಳಾ ಇರಬೇಕು."

"ಮುಂಜಾನಿಂದ ನನ್ನ ಕೈ ನೋಯಾಕತ್ತದ, ಇವರ ಪರೀಕ್ಷೆ ಮುಗೀವಲ್ದು" ಎಂದು ಬೈಯುತ್ತಾ ಚಾಚಿ ಚಹಾ ಮಾಡಲು ಒಳಗೆ ಹೋದರು.

ನಾನು ಹಾಳೆ ಬಿಚ್ಚಿ ಅವರ ಕೈಗೆ ಕೊಟ್ಟೆ. ಆ ಸಾಲನ್ನು ತೋರಿಸಿ, ಇದು ನೀವು ಒತ್ತಿದ್ದು ಒತ್ತಿದ ಹಾಗೆಯೇ ಇರುವ ದಾಖಲೆ, ತಪ್ಪು ನನ್ನ ಸ್ಕ್ರಿಪ್ಟಿನದು, ನಿಮ್ಮ ಬೆರಳಿನದಲ್ಲ ಎಂದೆ.

ಚಾಚಾ ಕನ್ನಡಕ ಏರಿಸಿ ನೋಡಿದರು. ಮುಖ ಅರಳಿತು. ಹಾಗೆ ಅರಳಿದ ಮುಖವನ್ನು ನಾನು ಆಮೇಲೆ ಎಲ್ಲೂ ಕಂಡಿಲ್ಲ. "ನಾನಾ ಒತ್ತೀನಿ! ನಾಲ್ಕು ಚುಕ್ಕಿ ಹತ್ತು! ಏ, ಬಾ ಇಲ್ಲಿ, ನೋಡು, ಸೊನ್ನಿ ಇಲ್ಲೇ ಅದ!" ಎಂದು ಒಳಗೆ ಕೂಗಿದರು. ತಮ್ಮ ಬೆರಳನ್ನು ಎತ್ತಿ ನೋಡಿ ಮಗುವಿಗೆ ಮಾಡುವ ಹಾಗೆ ಅದಕ್ಕೊಂದು ಮುತ್ತು ಕೊಟ್ಟರು.

ಆಮೇಲೆ ಕೇಳಿದರು. "ಇದು ನಿನಗ ಯಾವಾಗ ಸಿಕ್ತು ಬೇಟಾ?"

ಸುಮ್ಮನೆ ಕೇಳಿದ್ದು, ಅನುಮಾನದಿಂದಲ್ಲ. ನಿಜ ಹೇಳಲಿಕ್ಕೇ ಅಷ್ಟು ದೂರ ಹೋದವಳು ನಾನು. ಆದರೆ ಆ ಅರಳಿದ ಮುಖದ ಮುಂದೆ ಮತ್ತೆ ಅದೇ ಹೆದರಿಕೆ ಗೆದ್ದಿತು.

"ನಿನ್ನೆ, ಚಾಚಾ. ನಿನ್ನೆ ಹುಡುಕಿದಾಗ ಸಿಕ್ತು" ಎಂದೆ.

ಅವರು ಹಾಳೆಯನ್ನು ಇನ್ನೊಮ್ಮೆ ನೋಡುತ್ತಾ ಬೆರಳನ್ನು ಕೆಳಗೆ ತಂದರು. ಬಲಗಡೆ ಅಡಿಯಲ್ಲಿ ಬೆರಳು ನಿಂತಿತು. ನೋಡಿದರು. ಮುಖ ತಿರುಗಿಸಿ ಅಂಗಳದ ಕಡೆ ದೃಷ್ಟಿ ಇಟ್ಟರು. ಮತ್ತೆ ನೋಡಿದರು. ಮತ್ತೊಮ್ಮೆ. ಆಮೇಲೆ ಹಾಳೆಯ ಅಡಿಯಂಚನ್ನು ಒಂದು ಇಂಚಿನಷ್ಟು ಒಳಗೆ ಮಡಚಿ, ಮಡಿಕೆಯ ಮೇಲೆ ಉಗುರಿನಿಂದ ಗೆರೆ ಎಳೆದರು.

"ಹೌದೇನು" ಎಂದರು. ಚಾಚಿ ತಂದಿಟ್ಟ ಕಪ್ಪನ್ನು ನನ್ನ ಕಡೆ ಸರಿಸಿ, "ಚಾ ಕುಡಿ, ಆರ್ತದ."

ಬಸ್ಸು ಸುರಪುರ ದಾಟಿದ ಮೇಲೆ ನನಗೆ ಹೊಳೆಯಿತು, ಅವರ ಬೆರಳು ನಿಂತದ್ದು ಮುದ್ರಿಸಿದ ತಾರೀಖಿನ ಮೇಲೆ. ಏರಿ ಒಡೆದ ದಿನದ್ದು, ಸಂಜೆಯ ಗಂಟೆ. ಜೀವಮಾನವಿಡೀ ಅಂಕಿಯನ್ನು ಮೂರು ಸಲ ಓದಿದ ಮನುಷ್ಯ. ಇಳಿದು ವಾಪಸು ಹೋಗಬೇಕಿತ್ತು. ಸೀಟಿನ ಕಂಬಿ ಹಿಡಿದುಕೊಂಡು ಶಹಾಪುರದ ಬುದ್ಧ ಮಲಗಿದ ಗುಡ್ಡ ಕಾಣುವ ತನಕ ಹಾಗೇ ಕೂತಿದ್ದೆ.

ಚಾಚಾ ಆ ಹಾಳೆ ಹಿಡಿದು ಕಚೇರಿಗೆ ಹೋಗಿದ್ದರಂತೆ. ಫೈಲು ಮುಚ್ಚಿದೆ, ಗೇಟಿಗೆ ಬೇರೆಯವರು ಬಂದಿದ್ದಾರೆ ಎಂದು ಕಳಿಸಿದರಂತೆ. ಹಾಳೆಯ ಅಡಿ ಮಡಚಿಯೇ ತೋರಿಸಿದರೋ, ಬಿಚ್ಚಿ ತೋರಿಸಿದರೋ ಗೊತ್ತಿಲ್ಲ. ಬಿಚ್ಚಿದ್ದರೆ ಯಾರಾದರೂ ನನ್ನನ್ನು ಕೇಳಲು ಬರುತ್ತಿದ್ದರು. ಯಾರೂ ಬರಲಿಲ್ಲ. ವರ್ಷಗಟ್ಟಲೆ ಕಾದೆ, ಯಾರೂ ಬರಲಿಲ್ಲ... ಆಮೇಲೆ ಒಂದು ದಿನ ಚಾಚಾ ಹೋದ ಸುದ್ದಿ ಬಂತು. ಮಣ್ಣಿಗೆ ನಾನು ಹೋಗಲಿಲ್ಲ. ಚಾಚಿಗೆ ಪಿಂಚಣಿ ಇಲ್ಲ. ಮೆಣಸಿನಕಾಯಿ ಬಿಡಿಸುವ ಕೆಲಸಕ್ಕೆ ಹೋಗುತ್ತಾರೆ ಎಂದು ಕೇಳಿದ್ದೇನೆ, ಆ ವಯಸ್ಸಿನಲ್ಲಿ.

ಈಗ ತರಗತಿಯಲ್ಲಿ ಹುಡುಗಿಯರಿಗೆ ಹೇಳುತ್ತೇನೆ, ಫಾರಂನಿಂದ ಬಂದದ್ದನ್ನು ಬಂದ ಹಾಗೆಯೇ ಒಂದು ಕಡೆ ಇಟ್ಟುಕೊಂಡು 'ಇದನ್ನು ಬರೆದವರಿಗೆ ಇದರ ಅರ್ಥ ಏನು' ಎಂದು ಕೇಳಿ, ಆಮೇಲೆ ಬದಲಿಸಿ ಎಂದು. ಅವರು ಬರೆದುಕೊಳ್ಳುತ್ತಾರೆ. ಯಾಕೆ ಮೇಡಂ ಎಂದು ಇಲ್ಲಿಯತನಕ ಯಾರೂ ಕೇಳಿಲ್ಲ.

ಕೀಬೋರ್ಡನ್ನು ಗುಜರಿಗೆ ಹಾಕಲಿಲ್ಲ. ಅಂಗೈ ಮೇಲಿನ ಪುಡಿಯನ್ನು ತೊಳೆಯಲು ಬಚ್ಚಲಿಗೆ ಹೋದವಳು ನಳ ಬಿಡದೆ ನಿಂತೆ. ಹೊರಗೆ ರೈಲು ಹೋಗುತ್ತಿತ್ತು, ಮನೆಯಲ್ಲಿ ಯಾರೂ ಇರಲಿಲ್ಲ. ಬಾಯಿಬಿಟ್ಟು ಹೇಳಿದೆ, ಈ ಸಲ ಕೇಳಿದ್ದಕ್ಕೆ ಸರಿಯಾಗಿ:

"ಅವತ್ತ ಸಂಜಿಗೇ ಸಿಕ್ಕಿತ್ರಿ, ಚಾಚಾ."